ಪದಚರ್ಚೆ: ‘ಯಾದೃಚ್ಛಿಕ’ಕ್ಕೆ ಬದಲಿ ಪದ ಬೇಕಾಗಿದೆ (ಮನಶ್ಶಾಸ್ತ್ರ, ತುರ್ತು)

ವಿರಾಜಪೇಟೆಯಿಂದ:

ಮಾನ್ಯರೇ, ಪದವಿ ತರಗತಿಗೆ ಹೊಸದಾಗಿ ಸೇರಿದವರಿಗಾಗಿ ಮನಶ್ಶಾಸ್ತ್ರದ ಸಂಶೋಧನಾ ವಿಧಾನಗಳನ್ನು ಕುರಿತ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಪ್ರಾಕಲ್ಪನೆ, ಚರ, ಸಹಸಂಬಂಧ ಇವುಗಳ ಬಗ್ಗೆ ನನಗೆ ತಕರಾರಿಲ್ಲ. ದಯವಿಟ್ಟು ಅವನ್ನು ಕೆದಕಬೇಡಿ.

ತೊಡಕು ಇರುವುದು ಬೇರೆ ಕಡೆ. ರ‍್ಯಾಂಡಮ್ ಸ್ಯಾಂಪ್ಲಿಂಗ್, ರ‍್ಯಾಂಡಮ್ ಅಸೈನ್‌ಮೆಂಟ್ ಎರಡಕ್ಕೂ ‘ಯಾದೃಚ್ಛಿಕ’ವನ್ನೇ ಹಚ್ಚಿದರೆ ಮಕ್ಕಳು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಜಿಲ್ಲೆಯ ಎಲ್ಲ ವಿದ್ಯಾರ್ಥಿಗಳ ಪಟ್ಟಿಯಿಂದ ನೂರು ಮಂದಿಯನ್ನು ತೆಗೆಯುವುದು ಮೊದಲನೆಯದು. ಆ ನೂರು ಮಂದಿಯಲ್ಲಿ ಯಾರು ಯಾವ ಗುಂಪಿಗೆ ಎಂದು ತೀರ್ಮಾನಿಸುವುದು ಎರಡನೆಯದು. ಮೊದಲನೆಯದರಿಂದ ಫಲಿತಾಂಶವನ್ನು ಇಡೀ ಜಿಲ್ಲೆಗೆ ಅನ್ವಯಿಸಲು ಆಧಾರ ಸಿಗುತ್ತದೆ, ಎರಡನೆಯದರಿಂದ ಇದರಿಂದಲೇ ಇದಾಯಿತು ಎಂದು ಹೇಳಲು ಆಧಾರ ಸಿಗುತ್ತದೆ. ಇದರ ಜೊತೆಗೆ, ಪ್ರಯೋಗಕ್ಕೆ ಒಳಪಡಿಸದೆ ಹೋಲಿಸಿ ನೋಡಲು ಇಟ್ಟುಕೊಳ್ಳುವ ಕಂಟ್ರೋಲ್ ಗ್ರೂಪ್‌ಗೂ, ಯಾರು ಯಾವ ಗುಂಪಿನವರೆಂದು ಪರೀಕ್ಷಿಸುವವರಿಗೂ ಪರೀಕ್ಷೆಗೆ ಒಳಗಾಗುವವರಿಗೂ ತಿಳಿಯದಂತೆ ನಡೆಸುವ ಡಬಲ್ ಬ್ಲೈಂಡ್ ಎಂಬುದಕ್ಕೂ ಒಪ್ಪುವ ಪದಗಳು ಬೇಕು.

ಮಡಿಕೇರಿಯಿಂದ:

ಉಚ್ಚರಿಸಲು ಹೋದರೆ ನಾಲಿಗೆ ತೊಡರುವ ‘ಯಾದೃಚ್ಛಿಕ’ವನ್ನು ಯಾವ ಕನ್ನಡಿಗನೂ ಮನೆಯಲ್ಲಿ ಆಡಿಲ್ಲ, ಆಡುವುದೂ ಇಲ್ಲ. ಚೀಟಿಯಾಯ್ಕೆ, ಚೀಟಿಹಂಚಿಕೆ ಎಂದು ಬರೆಯಿರಿ. ಡಬಲ್ ಬ್ಲೈಂಡ್‌ಗೆ ‘ಇಮ್ಮರೆ’: ಇಮ್ಮಡಿ, ಇಮ್ಮೊಗ ಇದ್ದ ಮೇಲೆ ಇದೂ ಇರಬಹುದು. ಚರ್ಚಿಸುವುದಕ್ಕೆ ಇನ್ನೇನೂ ಉಳಿದಿಲ್ಲ.

ಸೋಮವಾರಪೇಟೆಯಿಂದ:

ಅಚ್ಚಗನ್ನಡವೆಂದು ತಾವು ಎತ್ತಿ ಹಿಡಿದಿರುವ ‘ಚೀಟಿ’ ಬಡಗಣ ಭಾಷೆಗಳ ಚಿಠ್ಠಿಯಿಂದ ಬಂದದ್ದು ಎಂಬುದನ್ನು ಗಮನಕ್ಕೆ ತರುತ್ತೇನೆ. ಅಲ್ಲದೆ ನಮ್ಮ ಕಡೆ ‘ಚೀಟಿ ಎತ್ತಿದರು’ ಎಂದರೆ ತಿಂಗಳ ಕಂತಿನ ಚೀಟಿಯನ್ನು ಯಾರೋ ಎತ್ತಿಕೊಂಡರು ಎಂದೇ ಅರ್ಥ. ಯದೃಚ್ಛಾ ಎಂಬುದು ಇಚ್ಛೆಯಿಂದ ಹುಟ್ಟಿದ ಪದವಲ್ಲ. ‘ಎದುರಾಗು’ ಎಂಬರ್ಥದ ಧಾತುವಿನಿಂದ ಬಂದದ್ದು. ಗೀತೆಯ 4ನೆಯ ಅಧ್ಯಾಯದ ‘ಯದೃಚ್ಛಾಲಾಭಸಂತುಷ್ಟಃ’ ಎಂದರೆ ತಾನಾಗಿ ಒದಗಿದ್ದರಲ್ಲಿ ತೃಪ್ತನಾದವನು. ಇದಕ್ಕಿಂತ ನಿಖರವಾದ ಪದ ಯಾವ ಭಾಷೆಯಲ್ಲಿದೆ?

ಮಡಿಕೇರಿಯಿಂದ:

ಚೀಟಿ ಎಲ್ಲಿಂದಲೇ ಬಂದಿರಲಿ, ಅದು ಮನೆಯವಳಾಗಿ ತಲೆಮಾರುಗಳೇ ಕಳೆದಿವೆ. ನಿಮ್ಮ ಯದೃಚ್ಛೆ ಇನ್ನೂ ಹೊಸ್ತಿಲ ಹೊರಗೇ ನಿಂತಿದೆ. ಶ್ಲೋಕ ಹೇಳಿ ಅಂಕಿಅಂಶ ಕಲಿಸಲಾಗದು.

ಸೋಮವಾರಪೇಟೆಯಿಂದ:

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ಅದಕ್ಕೆ ಒದಗಿದ ಹೆಸರು ‘ಆಕಾಶವಾಣಿ’. ಅದನ್ನು ಹೇಳುವಾಗ ಯಾರ ನಾಲಿಗೆಯೂ ತೊಡರಲಿಲ್ಲ.

ಪೊನ್ನಂಪೇಟೆಯಿಂದ:

‘ಬಾನುಲಿ’ ಎಂಬ ಕನ್ನಡ ಪದದಿಂದಲೇ ಸಂಸ್ಕೃತದ ಪರ ವಾದ ಹೂಡಿದ್ದೀರಿ, ಅದು ಹಾಗಿರಲಿ. ಪದ ಎಲ್ಲಿಂದ ಬಂತೆಂದು ಇಬ್ಬರೂ ಕಾದಾಡುತ್ತಿದ್ದೀರೇ ಹೊರತು, ಅದನ್ನು ಕೇಳಿದ ವಿದ್ಯಾರ್ಥಿ ಏನು ತಿಳಿದುಕೊಳ್ಳುತ್ತಾನೆ ಎಂದು ವಿಚಾರಿಸಿಲ್ಲ. ವ್ಯುತ್ಪತ್ತಿ ಏನೇ ಇದ್ದರೂ ಕನ್ನಡದ ಕಿವಿಗೆ ಯದೃಚ್ಛೆಯಲ್ಲಿ ‘ಇಚ್ಛೆ’ ಕೇಳಿಸಿಯೇ ಕೇಳಿಸುತ್ತದೆ. ಸಂಸ್ಕೃತದಲ್ಲಿ ಕೂಡ ಅದಕ್ಕೆ ಆಕಸ್ಮಿಕ ಎಂಬ ಅರ್ಥದ ಪಕ್ಕದಲ್ಲಿಯೇ ಸ್ವೇಚ್ಛೆ ಎಂಬ ಅರ್ಥವೂ ಇದೆ. ಆದ್ದರಿಂದಲೇ ಹುಡುಗರು ಉತ್ತರಪತ್ರಿಕೆಯಲ್ಲಿ ‘ಸಂಶೋಧಕನು ತನ್ನ ಮನಸ್ಸಿಗೆ ಬಂದವರನ್ನು ಆರಿಸುವುದು’ ಎಂದು ಬರೆಯುತ್ತಾರೆ. ಬೇಕಾಗಿರುವುದು ಇದಕ್ಕೆ ನೇರ ವಿರುದ್ಧವಾದದ್ದು: ಆರಿಸುವವನ ಮನಸ್ಸು ಅಲ್ಲಿ ಕೈಯಾಡಿಸಲೇಬಾರದು. ಬಸ್ ನಿಲ್ದಾಣದಲ್ಲಿ ಕಣ್ಣಿಗೆ ಬಿದ್ದವರನ್ನು ಮಾತನಾಡಿಸಿದರೆ ಅದು ಅಡ್ಡಾದಿಡ್ಡಿ ಆಯ್ಕೆಯೇ ಹೊರತು ಇದಲ್ಲ. ಈ ಒಂದು ಕಾರಣಕ್ಕೆ ನಾನು ಚೀಟಿಯ ಪಕ್ಷ. ಚೀಟಿ ಎಂದ ಕೂಡಲೇ ಅದೃಷ್ಟ ಬರುತ್ತದೆ, ಮನುಷ್ಯ ಬರುವುದಿಲ್ಲ.

ಹೊತ್ತಗೆಗೆ ಉದಾಹರಣೆ ಬೇಕಿದ್ದರೆ, ಲೋಟಕ್ಕೆ ಮೊದಲು ಹಾಲು ಬಿತ್ತೋ ಚಹಾ ಬಿತ್ತೋ ಎಂದು ರುಚಿಯಿಂದಲೇ ಹೇಳಬಲ್ಲೆ ಎಂದವರನ್ನು ಪರೀಕ್ಷಿಸಲು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರಲ್ಲಿ ವಿವರಿಸಿದ ಪ್ರಯೋಗವನ್ನು ನಮ್ಮ ಕಾಫಿಗೆ ಹೊಂದಿಸಿಕೊಳ್ಳಿ. ಚಿಕೋರಿ ಬೆರೆತಿದ್ದರೆ ಒಂದೇ ಗುಟುಕಿನಲ್ಲಿ ಹೇಳಬಲ್ಲೆ ಎನ್ನುವವರು ಕೊಡಗಿನಲ್ಲಿ ಮನೆಗೊಬ್ಬರಿದ್ದಾರೆ. ನಾಲ್ಕು ಲೋಟ ಅಪ್ಪಟ, ನಾಲ್ಕು ಲೋಟ ಬೆರಕೆ ಕಾಫಿ ಇಟ್ಟು, ಬೆರಕೆಯ ನಾಲ್ಕನ್ನು ಹೆಕ್ಕಿ ತೋರಿಸಿ ಎನ್ನಬೇಕು. ಎಂಟರಲ್ಲಿ ನಾಲ್ಕನ್ನು ಹೆಕ್ಕುವುದಕ್ಕೆ 70 ವಿಧಗಳಿರುವುದರಿಂದ ಬರೀ ಊಹೆಯಿಂದ ನಾಲ್ಕೂ ಸರಿಯಾಗುವ ಸಂಭವ 70ರಲ್ಲಿ ಒಂದು. ಮೂರು ಸರಿ, ಒಂದು ತಪ್ಪು ಆಗುವುದಕ್ಕೆ 16 ವಿಧಗಳಿವೆ. ಆದ್ದರಿಂದ ಅಷ್ಟಕ್ಕೇ ಬೀಗುವ ಹಾಗಿಲ್ಲ. ಈ ಲೆಕ್ಕ ನಿಲ್ಲಬೇಕಾದರೆ ಲೋಟಗಳ ಕ್ರಮವನ್ನು ಚೀಟಿಯೇ ನಿರ್ಧರಿಸಬೇಕು. ಕಾಫಿ ಕಾಸಿದವರು ತಮಗೆ ತೋಚಿದಂತೆ ಜೋಡಿಸಿದರೆ ಮೂರು ಬೆರಕೆ ಲೋಟಗಳನ್ನು ಸಾಲಾಗಿ ಇಡಲು ಹಿಂಜರಿಯುತ್ತಾರೆ, ಕುಡಿಯುವವರು ಅದನ್ನು ಊಹಿಸುತ್ತಾರೆ. ಫಿಶರ್‌ಗಿಂತ ಮೊದಲೇ, 1880ರ ದಶಕದಲ್ಲಿ, ಮನಶ್ಶಾಸ್ತ್ರದ ಪ್ರಯೋಗವೊಂದರಲ್ಲಿ ಚಾರ್ಲ್ಸ್ ಪರ್ಸ್ ಮತ್ತು ಜೋಸೆಫ್ ಜಾಸ್ಟ್ರೋ ತೂಕದ ಸೂಕ್ಷ್ಮ ವ್ಯತ್ಯಾಸ ಗೊತ್ತಾಗುತ್ತದೆಯೇ ಎಂದು ಪರೀಕ್ಷಿಸುವಾಗ ಇಸ್ಪೀಟಿನ ಎಲೆ ಕಲಸಿ ಕ್ರಮ ನಿರ್ಧರಿಸಿದ್ದು ಇದೇ ಕಾರಣಕ್ಕೆ. ಮನಶ್ಶಾಸ್ತ್ರದವರಿಗೆ ಇದು ಹೊರಗಿನಿಂದ ಬಂದ ಉಪಾಯವಲ್ಲ.

‘ಇಮ್ಮರೆ’ ನನಗೆ ಒಪ್ಪಿಗೆ. ‘ಕುರುಡು ಪರೀಕ್ಷೆ’ ಎಂದು ಮಾತ್ರ ಬರೆಯಬೇಡಿ; ಅಲ್ಲಿ ಇಲ್ಲದಿರುವುದು ದೃಷ್ಟಿಯಲ್ಲ, ಮಾಹಿತಿ. ಜರ್ಮನಿಯಲ್ಲಿ ಲೆಕ್ಕ ಮಾಡುತ್ತದೆಂದು ಹೆಸರಾಗಿದ್ದ ಹಾನ್ಸ್ ಎಂಬ ಕುದುರೆಯನ್ನು ಆಸ್ಕರ್ ಪ್ಫುಂಗ್ಸ್ಟ್ ಪರೀಕ್ಷಿಸಿ 1907ರಲ್ಲಿ ವರದಿ ಬರೆದ. ಪ್ರಶ್ನೆ ಕೇಳುವವನಿಗೇ ಉತ್ತರ ತಿಳಿಯದಿದ್ದಾಗ ಕುದುರೆಗೂ ತಿಳಿಯುತ್ತಿರಲಿಲ್ಲ. ಗೊರಸು ಬಡಿಯುವುದನ್ನು ಎಲ್ಲಿ ನಿಲ್ಲಿಸಬೇಕೆಂದು ಅದು, ಕೇಳುವವನ ತಲೆ ತಾನರಿಯದೆ ತುಸುವೇ ಅಲುಗುವುದನ್ನು ನೋಡಿ ತಿಳಿಯುತ್ತಿತ್ತು. ಉತ್ತರಿಸುವವರಿಗೆ ಮಾತ್ರವಲ್ಲ, ಕೇಳುವವರಿಗೂ ಮರೆ ಇರಬೇಕು ಎಂಬುದು ‘ಇಮ್’ನಲ್ಲೇ ಬಂತು.

ಇನ್ನು ‘ನಿಯಂತ್ರಿತ ಗುಂಪು’ ಎಂದರೆ ಹಿಡಿತದಲ್ಲಿಟ್ಟ ಗುಂಪು ಎಂದಾಗುತ್ತದೆ, ಅದು ಪೂರಾ ತಪ್ಪು ದಾರಿ. ಕಂಟ್ರೋಲ್ ಎಂಬುದರ ಮೂಲ ಹಳೆಯ ಫ್ರೆಂಚಿನಲ್ಲಿ, ಒಂದು ಲೆಕ್ಕದ ಸುರುಳಿಗೆ ಎದುರಾಗಿ ಇಟ್ಟ ಇನ್ನೊಂದು ಪ್ರತಿ. ತೋಟದ ರೈಟರು ಮಸ್ಟರ್ ರೋಲನ್ನು ಮೇಸ್ತ್ರಿಯ ಪುಸ್ತಕದೊಂದಿಗೆ ತಾಳೆ ನೋಡುತ್ತಾರಲ್ಲ, ಅದೇ ಕೆಲಸ. ಆದ್ದರಿಂದ ‘ತಾಳೆಗುಂಪು’.

ಸೋಮವಾರಪೇಟೆಯಿಂದ:

ಮಕ್ಕಳು ತಾಳೆಮರದ ತೋಪನ್ನು ಹುಡುಕಿಕೊಂಡು ಹೋದಾರು. ‘ಮರೆ’ಯ ವಿಷಯದಲ್ಲೂ ಮರೆಯುವುದೇ, ಮರೆಯಾಗುವುದೇ ಎಂಬ ಗೊಂದಲ ಇದ್ದದ್ದೇ.

ಮಡಿಕೇರಿಯಿಂದ:

ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳದವರಿಗೆ ಯಾವ ಪದವೂ ಸಾಲದು. ‘ತಾಳೆಗುಂಪು’ ಮಾತ್ರ ನನಗೂ ಬೇಡ.

ವಿರಾಜಪೇಟೆಯಿಂದ:

ಎಲ್ಲರಿಗೂ ವಂದನೆಗಳು. ಚೀಟಿ ಆಯ್ಕೆ, ಚೀಟಿ ಹಂಚಿಕೆ, ಹೋಲಿಕೆಯ ಗುಂಪು, ಇಮ್ಮರೆ ಪರೀಕ್ಷೆ ಎಂದು ಅಚ್ಚಿಗೆ ಕೊಡುತ್ತಿದ್ದೇನೆ. ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯಲ್ಲಿ ಹಳೆಯ ಪದಗಳೇ ಬರುತ್ತವಾದ್ದರಿಂದ ಅಡಿಟಿಪ್ಪಣಿಯಲ್ಲಿ ಯಾದೃಚ್ಛಿಕವೂ ನಿಯಂತ್ರಿತ ಗುಂಪೂ ಇರುತ್ತವೆ. ಸೋಮವಾರಪೇಟೆಯವರು ಇದನ್ನು ಗೆಲುವೆಂದು ಭಾವಿಸಬಾರದಾಗಿ ವಿನಂತಿ. ಕಾಫಿಯ ಪ್ರಯೋಗವನ್ನು 3ನೆಯ ಪುಟಕ್ಕೆ ಸೇರಿಸಿದ್ದೇನೆ.