ಅಪ್‌ಡೇಟ್: ನೋವಿಲ್ಲದಿದ್ದರೂ ಹಲ್ಲಿನ ಕ್ಯಾಪ್ ಬದಲಿಸಬೇಕಾಯಿತು

ರೂಟ್ ಕೆನಾಲ್ ಮಾಡಿಸಿದ ದವಡೆ ಹಲ್ಲಿನ ಹಳೇ ಕ್ಯಾಪ್ ಸುತ್ತ ಊಟ ಸಿಕ್ಕಿಕೊಳ್ಳುತ್ತೆ, ವಾಸನೆ ಬರುತ್ತೆ, ಆದರೆ ನೋವಿಲ್ಲ. ಬದಲಿಸಬೇಕಾ ಅಂತ ಕೇಳಿದ್ದೆ. ಬದಲಿಸಲೇಬೇಕಾಯಿತು.

ಡಾಕ್ಟರ್ ಮೊನಚು ಕಡ್ಡಿಯನ್ನು ವಸಡಿನ ಪಕ್ಕ ಕ್ಯಾಪಿನ ಅಂಚಿನುದ್ದಕ್ಕೂ ಆಡಿಸಿದರು. ಒಂದು ಕಡೆ ಅದು ಟಕ್ಕೆಂದು ಸಿಕ್ಕಿಕೊಂಡಿತು. ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ದಾರ ಎಳೆ ಬಿಡುತ್ತಿದ್ದದ್ದೂ ಅಲ್ಲೇ. ಎಕ್ಸ್‌ರೇಯಲ್ಲಿ ಅಂಚಿನ ಕೆಳಗೆ ಹುಳುಕು ಕಂಡಿತು. ನರ ತೆಗೆದ ಹಲ್ಲಾದ್ದರಿಂದ ಒಳಗೆ ಹುಳುಕು ಹಿಡಿದರೂ ಜುಮ್ಮೆನ್ನುವುದಿಲ್ಲ. ದಯವಿಟ್ಟು ನೋವು ಬರಲಿ ಅಂತ ಕಾಯಬೇಡಿ.

ವಸಡಿನ ಬಳಿಯ ಕಪ್ಪು ಗೆರೆಯ ಬಗ್ಗೆಯೂ ಕೇಳಿದೆ. ಅದು ಕ್ಯಾಪಿನ ಪಿಂಗಾಣಿಯೊಳಗಿನ ಲೋಹ. ಅದೊಂದೇ ಕಾರಣಕ್ಕೆ ಬದಲಿಸಬೇಕಿಲ್ಲ. ಕ್ಯಾಪ್ ಅಂಟಿಸಿದ ಸಿಮೆಂಟ್ ಮಾತ್ರ ಬಿಟ್ಟುಕೊಂಡು ಅದು ಸಡಿಲವಾಗಿದ್ದರೆ, ಹಲ್ಲು ಗಟ್ಟಿಯಿದ್ದು ಅಂಚು ಸರಿಯಾಗಿ ಕೂತರೆ, ಅದನ್ನೇ ಮತ್ತೆ ಅಂಟಿಸಬಹುದು. ನನ್ನ ಹಲ್ಲಿನ ಹುಳುಕು ತೆಗೆದು ಅಳತೆ ತಗೊಂಡಿದ್ದಾರೆ, ಸದ್ಯಕ್ಕೆ ತಾತ್ಕಾಲಿಕ ಕ್ಯಾಪ್ ಇದೆ. ವಾಸನೆ ಹೋಗಿದೆ.