ಗುರುತ್ವದ ಲೇಖನದಲ್ಲಿ ‘ಗೇಜ್’ಗೆ ‘ಮಾಪಕ’ ಸರಿಯೇ?

ಸ್ನೇಹಿತರಿಗೆ ನಮಸ್ಕಾರ.

ಗುರುತ್ವವನ್ನು ಗೇಜ್ ಸಿದ್ಧಾಂತವಾಗಿ (ಪ್ರತಿಯೊಂದು ಬಿಂದುವೂ ತನ್ನ ಲೆಕ್ಕದ ಆಧಾರವನ್ನು ಸ್ವತಂತ್ರವಾಗಿ ಆರಿಸಿಕೊಳ್ಳಬಹುದೆನ್ನುವ ಬಗೆಯ ಸಿದ್ಧಾಂತವಾಗಿ) ನೋಡುವುದನ್ನು ಕುರಿತು ಬೆಂಗಳೂರಿನ ಒಂದು ವಿಜ್ಞಾನ ಪತ್ರಿಕೆಗೆ ಲೇಖನ ಬರೆದಿದ್ದೇನೆ. ಸಂಪಾದಕರು ‘ಗೇಜ್’ ಇದ್ದಲ್ಲೆಲ್ಲ ‘ಮಾಪಕ’ ಎಂದು ತಿದ್ದಿ ಕಳುಹಿಸಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಕಾರಣ ಹೇಳುತ್ತೇನೆ, ಬಲ್ಲವರು ತೂಗಿ ನೋಡಬೇಕು.

ಉಷ್ಣಮಾಪಕ, ಮಳೆಮಾಪಕ, ವಾಯುಭಾರಮಾಪಕ ಇವೆಲ್ಲ ಉಪಕರಣಗಳು. ‘ಮಾಪಕ ಸಿದ್ಧಾಂತ’ ಎಂದೊಡನೆ ಓದುಗರು ಉಪಕರಣವನ್ನೇ ಹುಡುಕುತ್ತಾರೆ. ಇಲ್ಲಿ ಅಂಥದ್ದೇನೂ ಇಲ್ಲ. ಇದನ್ನಾದರೂ ಸಹಿಸಬಹುದು. ದೇಶಕಾಲದಲ್ಲಿ ಅಂತರವನ್ನು ನಿಗದಿಪಡಿಸುವ ‘ಮೆಟ್ರಿಕ್’ಗೂ ಅವರು ‘ಮಾಪಕ’ವನ್ನೇ ಹಾಕಿದ್ದಾರೆ. ‘ಗೇಜ್ ಕ್ಷೇತ್ರದ ಸ್ಥಾನದಲ್ಲಿ ಇರುವುದು ಮೆಟ್ರಿಕ್ ಅಲ್ಲ’ ಎಂಬ ನನ್ನ ವಾಕ್ಯ ‘ಮಾಪಕ ಕ್ಷೇತ್ರದ ಸ್ಥಾನದಲ್ಲಿ ಇರುವುದು ಮಾಪಕವಲ್ಲ’ ಎಂದಾಗಿದೆ. ವೇದಾಂತಕ್ಕೆ ಹೊಂದೀತು, ಭೌತವಿಜ್ಞಾನಕ್ಕೆ ಹೊಂದದು.

ಸಂಪಾದಕರ ಪರವಾಗಿಯೂ ಒಂದು ಮಾತಿದೆ. 1918ರಲ್ಲಿ ಮುಂದಿಟ್ಟ ಈ ವಿಚಾರಕ್ಕೆ ಗಣಿತಜ್ಞ ಹರ್ಮನ್ ವೈಲ್ ಆರಿಸಿಕೊಂಡ ಜರ್ಮನ್ ಪದ (Eichung) ಅಳತೆ ಮತ್ತು ತೂಕಗಳ ಲೋಕದ್ದೇ. ಚಿಕ್ಕಪೇಟೆಯ ಅಂಗಡಿಗಳ ತೂಕದ ಬಟ್ಟುಗಳನ್ನು ಪರೀಕ್ಷಿಸಿ ಸರ್ಕಾರ ಮುದ್ರೆ ಹಾಕುತ್ತದಲ್ಲ, ಆ ಕೆಲಸಕ್ಕೆ ಜರ್ಮನರು ಬಳಸುವ ಪದ ಅದು. ಉದ್ದದ ಮಾನವನ್ನು ಪ್ರತಿಯೊಂದು ಬಿಂದುವಿನಲ್ಲೂ ಬೇರೆಬೇರೆಯಾಗಿ ಆರಿಸಿಕೊಳ್ಳಬಹುದು ಎಂದು ವೈಲ್ ಹೊರಟಿದ್ದರು. ಹಾಗಾದರೆ ಪರಮಾಣುವಿನ ರೋಹಿತರೇಖೆಗಳು (ಅದು ಸೂಸುವ ಬೆಳಕಿನ ನಿರ್ದಿಷ್ಟ ಬಣ್ಣಗಳು) ಅದು ಸಾಗಿಬಂದ ಹಾದಿಯನ್ನು ಅವಲಂಬಿಸಬೇಕಾಗುತ್ತದೆ, ನಿಸರ್ಗದಲ್ಲಿ ಹಾಗಿಲ್ಲ ಎಂದು ಐನ್‌ಸ್ಟೈನ್ ಆಕ್ಷೇಪಿಸಿದರು. 1929ರಲ್ಲಿ ವೈಲ್ ಅದೇ ವಿಚಾರವನ್ನು ಉದ್ದದಿಂದ ಬಿಡಿಸಿ ಎಲೆಕ್ಟ್ರಾನ್ ತರಂಗದ ಪ್ರಾವಸ್ಥೆಗೆ, ಎಂದರೆ ತರಂಗ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದಕ್ಕೆ, ಅನ್ವಯಿಸಿದರು. ಅಳತೆ ಹೋಯಿತು, ಹೆಸರು ಉಳಿಯಿತು. ಮೂಲದಲ್ಲೇ ಬಿಟ್ಟುಹೋದ ಅರ್ಥವನ್ನು ನಾವು ಕನ್ನಡದಲ್ಲಿ ಹೊಸದಾಗಿ ಏಕೆ ಪ್ರತಿಷ್ಠಾಪಿಸಬೇಕು?

ಇಂದು ಆ ಪದ ಏನನ್ನು ಹೇಳುತ್ತದೆ ಎಂಬುದಕ್ಕೆ ಲೇಖನದಲ್ಲಿ ಕೊಟ್ಟ ಉದಾಹರಣೆ ಇದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರದ ಸೊನ್ನೆಯನ್ನು ಸಮುದ್ರದ ಬದಲು ಮೆಜೆಸ್ಟಿಕ್‌ನಲ್ಲಿ ಇಟ್ಟರೂ ನಂದಿಬೆಟ್ಟಕ್ಕೂ ಲಾಲ್‌ಬಾಗ್ ಬಂಡೆಗೂ ಇರುವ ವ್ಯತ್ಯಾಸ ಬದಲಾಗದು. ಆದರೆ ಒಂದೊಂದು ಬಡಾವಣೆಯೂ ತನ್ನದೇ ಸೊನ್ನೆಯನ್ನು ಇಟ್ಟುಕೊಂಡರೆ, ಪಕ್ಕದ ಬಡಾವಣೆಯ ಲೆಕ್ಕಕ್ಕೆ ಹೊಂದಿಸಿಕೊಳ್ಳಲು ಒಂದು ಪಟ್ಟಿ ಬೇಕು. ಆ ಪಟ್ಟಿಯೇ ಗೇಜ್ ಕ್ಷೇತ್ರ. ನಾಲ್ಕು ಬಡಾವಣೆ ಸುತ್ತಿ ಹೊರಟಲ್ಲಿಗೇ ಬಂದಾಗ ಲೆಕ್ಕ ತಾಳೆಯಾಗದಿದ್ದರೆ, ಆ ಉಳಿಕೆಯೇ ವಕ್ರತೆ. ಬಲವಾಗಿ ನಮಗೆ ಕಾಣುವುದು ಅದೇ.

ಅಲ್ಲಿಯವರೆಗೆ ವಿದ್ಯುತ್ಕಾಂತತೆಯನ್ನು ವಿವರಿಸುತ್ತಿದ್ದ ಈ ವಿಚಾರವನ್ನು 1954ರಲ್ಲಿ ಭೌತವಿಜ್ಞಾನಿಗಳಾದ ಯಾಂಗ್ ಮತ್ತು ಮಿಲ್ಸ್ ಅದರಾಚೆಗೆ ವಿಸ್ತರಿಸಿದರು. 1956ರಲ್ಲಿ ಉತಿಯಾಮಾ ಗುರುತ್ವಕ್ಕೆ ತಂದರು. ಇಲ್ಲಿ ಪ್ರತಿಯೊಂದು ಬಿಂದುವೂ ಸ್ವತಂತ್ರವಾಗಿ ಆರಿಸಿಕೊಳ್ಳುವುದು ತನ್ನ ಲೊರೆಂಟ್ಜ್ ಚೌಕಟ್ಟನ್ನು, ಎಂದರೆ ದಿಕ್ಕು ಮತ್ತು ವೇಗದ ಆಧಾರವನ್ನು. 1961ರಲ್ಲಿ ಕಿಬಲ್ ಸ್ಥಾನಪಲ್ಲಟಗಳನ್ನೂ (ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುವುದನ್ನೂ) ಸೇರಿಸಿಕೊಂಡರು. ಆಗ ವಕ್ರತೆಯ ಜೊತೆಗೆ ದೇಶಕಾಲಕ್ಕೆ ಒಂದು ತಿರುಚೂ ಬರುತ್ತದೆ. ಅದಕ್ಕೆ ಮೂಲ ದ್ರವ್ಯದ ಸ್ಪಿನ್, ಎಂದರೆ ಕಣಗಳಿಗೆ ಸಹಜವಾಗಿರುವ ಕೋನೀಯ ಸಂವೇಗ. ಹಾಗೆಂದು ಹೋಲಿಕೆ ಪೂರ್ತಿಯಲ್ಲ. ಯಾಂಗ್–ಮಿಲ್ಸ್ ಸಿದ್ಧಾಂತದ ‘ಕ್ರಿಯೆ’ಯಲ್ಲಿ (ಸಿದ್ಧಾಂತದ ಸಮೀಕರಣಗಳು ಹುಟ್ಟುವ ಗಣಿತ ರಾಶಿಯಲ್ಲಿ) ವಕ್ರತೆಯ ವರ್ಗ ಇದ್ದರೆ, ಐನ್‌ಸ್ಟೈನ್ ಸಿದ್ಧಾಂತದ ಕ್ರಿಯೆಯಲ್ಲಿ ವಕ್ರತೆ ಒಂದನೇ ಘಾತದಲ್ಲಷ್ಟೇ ಇದೆ. ಆದ್ದರಿಂದಲೇ ‘ಗುರುತ್ವವು ಗೇಜ್ ಸಿದ್ಧಾಂತ’ ಎಂದು ಬರೆಯದೆ ‘ಗೇಜ್ ಸಿದ್ಧಾಂತವಾಗಿ’ ಎಂದು ಬರೆದೆ. ಸಂಪಾದಕರು ಆ ‘ಆಗಿ’ಯನ್ನೂ ಹೊಡೆದುಹಾಕಿದ್ದಾರೆ, ಅದು ಬೇರೆ ಜಗಳ.

ನನ್ನ ಒಲವು ಇಷ್ಟು: ‘ಗೇಜ್’ ಹಾಗೆಯೇ ಇರಲಿ. ಬ್ರಾಡ್‌ಗೇಜ್, ಮೀಟರ್‌ಗೇಜ್ ಎಂದು ರೈಲಿನೊಡನೆ ಬಂದ ಪದ ಕನ್ನಡಕ್ಕೆ ಹೊರಗಿನದೇನೂ ಅಲ್ಲ. ‘ಮೆಟ್ರಿಕ್’ಗೆ ‘ದೂರಮಾನ’ ಎನ್ನಬಹುದು. ಅಚ್ಚಗನ್ನಡದ ಗೆಳೆಯರೊಬ್ಬರು ‘ಗೇಜ್’ಗೆ ‘ಕಟ್ಟಳೆ’ ಎಂದರು. ಕಿವಿಗೆ ಹಿತವಾಗಿದೆ, ಆದರೆ ಇಲ್ಲಿ ಮುಖ್ಯವಾದದ್ದು ಆಯ್ಕೆಯ ಸ್ವಾತಂತ್ರ್ಯ, ಕಟ್ಟಳೆ ಎಂದರೆ ಅದಕ್ಕೆ ತದ್ವಿರುದ್ಧ. ಮೇಲೆ ಹೇಳಿದ ಹೊಂದಿಕೆಯ ಪಟ್ಟಿಗೆ ಗಣಿತದಲ್ಲಿ ಇರುವ ‘ಕನೆಕ್ಷನ್’ ಎಂಬ ಹೆಸರಿಗೆ ‘ಸಂಪರ್ಕ’ ಎಂದರೆ ವಿದ್ಯುತ್ ಕಚೇರಿಯ ಅರ್ಜಿ ನೆನಪಾಗುತ್ತದೆ. ನಾನು ‘ಕೊಂಡಿ’ ಎಂದಿದ್ದೇನೆ.

ಕನ್ನಡದಲ್ಲಿ ಭೌತವಿಜ್ಞಾನ ಪಾಠ ಹೇಳುವವರು ತರಗತಿಯಲ್ಲಿ ಏನೆನ್ನುತ್ತೀರಿ? ಒಂಟಿ ಪದ ಬೇಡ, ‘ಮೆಟ್ರಿಕ್’ ಮತ್ತು ‘ಗೇಜ್’ ಎರಡೂ ಬರುವ ಒಂದು ವಾಕ್ಯವನ್ನು ಬರೆದು ಕಳುಹಿಸಿ.