ಒಂದೇ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಉಬುಂಟು, ಕಾಲಿ, ವಿಂಡೋಸ್: ಹಾಕಬಹುದಾ?

ಪ್ರಶ್ನೆ (ಡೊಂಬಿವಲಿಯಿಂದ): ನಮಸ್ಕಾರ. ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್, ವಿಂಡೋಸ್ 11. ಯಜಮಾನರ ಕ್ಯಾಟರಿಂಗ್ ಲೆಕ್ಕ, ಜಿಎಸ್‌ಟಿ ಎಲ್ಲ ಅದರಲ್ಲೇ. ಮಗಳು ಇಂಜಿನಿಯರಿಂಗ್ ಎರಡನೇ ವರ್ಷ, ಉಬುಂಟು ಬೇಕು, ಕಾಲಿ ಲಿನಕ್ಸೂ ಬೇಕು ಅನ್ನುತ್ತಾಳೆ. ಎರಡೂ ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ಓಎಸ್, ಲಿನಕ್ಸ್ ಜಾತಿಯವು ಅಂತೆ; ಕಾಲಿ ಸೆಕ್ಯೂರಿಟಿ ಕಲಿಯಲು. 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ, ಅರ್ಧ ತುಂಬ ಮದುವೆ, ನಾಮಕರಣದ ಫೋಟೋ. ಅದರಲ್ಲೇ ಇವೆರಡನ್ನೂ, ಜೊತೆಗೆ ಇನ್ನೊಂದು ವಿಂಡೋಸನ್ನೂ ಹಾಕಬಹುದಾ? ಲ್ಯಾಪ್‌ಟಾಪ್ ಒಳಗಿನದಕ್ಕೆ ಮಾತ್ರ ಏನೂ ಆಗಬಾರದು.

ಉತ್ತರ (ಠಾಣೆ, ಸಿಸ್ಟಮ್ ಅಡ್ಮಿನ್): ಹಾಕಬಹುದು ಅಕ್ಕ. ಆದರೆ ಫೋಟೋ ಇರುವ ಡಿಸ್ಕ್ ಬೇಡವೇ ಬೇಡ. ಪಾರ್ಟಿಷನ್ ಮಾಡುವಾಗ (ಡಿಸ್ಕನ್ನು ಭಾಗ ಮಾಡುವಾಗ) ಒಂದು ತಪ್ಪು ಕ್ಲಿಕ್ ಸಾಕು, ಮದುವೆ ಫೋಟೋ ಎಲ್ಲ ಹೋಗುತ್ತದೆ. ಮೇಲಾಗಿ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಓಎಸ್ ನಡೆಸಿದರೆ ಬ್ರೌಸರ್ ತೆರೆಯುವಷ್ಟರಲ್ಲಿ ಚಹಾ ಕುಡಿದು ಮುಗಿದಿರುತ್ತದೆ. ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರ ಲ್ಯಾಮಿಂಗ್ಟನ್ ರೋಡ್‌ನಲ್ಲಿ 256 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್), ಅದಕ್ಕೊಂದು ಯುಎಸ್‌ಬಿ 3 ಕೇಸಿಂಗ್ ತೆಗೆದುಕೊಳ್ಳಿ. ಯುಎಸ್‌ಬಿ 3.0 ಪೋರ್ಟ್‌ಗೇ ಚುಚ್ಚಬೇಕು, ಹೆಚ್ಚಾಗಿ ನೀಲಿ ಬಣ್ಣದ್ದು. ಹಳೆಯ 2.0 ಪೋರ್ಟ್‌ನ ವೇಗ 480 ಎಂಬಿಪಿಎಸ್ ಮಾತ್ರ, 3.0ದ್ದು 5 ಜಿಬಿಪಿಎಸ್.

ಈಗ ಮುಖ್ಯ ವಿಷಯ. ಇದರಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಹೊರಗಿನ ಡಿಸ್ಕ್‌ನಿಂದಲ್ಲ, ಒಳಗಿನದರಿಂದ. ನೀವು ಎಕ್ಸ್‌ಟರ್ನಲ್ ಡಿಸ್ಕನ್ನೇ ಆರಿಸಿದರೂ ಉಬುಂಟು ಇನ್‌ಸ್ಟಾಲರ್ ಎಷ್ಟೋ ಸಲ ತನ್ನ ಬೂಟ್‌ಲೋಡರನ್ನು (ಓಎಸ್ ಶುರು ಮಾಡುವ ಪುಟ್ಟ ಪ್ರೋಗ್ರಾಮ್, ಹೆಸರು ಗ್ರಬ್) ಒಳಗಿನ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ನಲ್ಲಿ (ಬೂಟ್ ಫೈಲ್‌ಗಳಿರುವ ಭಾಗ) ಕೂರಿಸಿಬಿಡುತ್ತದೆ. ಆಮೇಲೆ ಎಕ್ಸ್‌ಟರ್ನಲ್ ತೆಗೆದು ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಸ್ಕ್ರೀನ್, ಮೇಲೆ 'ಗ್ರಬ್' ಅಂತ ಒಂದು ಸಾಲು, ಅಷ್ಟೇ. ಯಜಮಾನರು ಜಿಎಸ್‌ಟಿ ಕಟ್ಟುವ ದಿನ ಹೀಗಾದರೆ ಮನೆಯಲ್ಲಿ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ ಅಲ್ವಾ? ಅಕಸ್ಮಾತ್ ಆದರೂ ಹೆದರಬೇಡಿ, ವಿಂಡೋಸ್ ಎಲ್ಲೂ ಹೋಗಿರುವುದಿಲ್ಲ. ಆನ್ ಮಾಡುವಾಗಲೇ ಬೂಟ್ ಮೆನು ತೆರೆದು (ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9) 'ವಿಂಡೋಸ್ ಬೂಟ್ ಮ್ಯಾನೇಜರ್' ಆರಿಸಿದರೆ ಬರುತ್ತದೆ.

ಹಾಗಾಗದಂತೆ ನಾನು ಮಾಡುವುದು ಒಂದೇ: ಇನ್‌ಸ್ಟಾಲ್ ಮಾಡುವಾಗ ಒಳಗಿನ ಎಸ್‌ಎಸ್‌ಡಿಯನ್ನೇ ಬಿಚ್ಚಿಡುವುದು. ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಒಂದು ಸ್ಕ್ರೂ ತೆಗೆದರೆ ಎಂ.2 ಎಸ್‌ಎಸ್‌ಡಿ ಈಚೆ ಬರುತ್ತದೆ. ಅದು ಕಣ್ಣಿಗೇ ಬೀಳದಿದ್ದರೆ ಇನ್‌ಸ್ಟಾಲರ್ ಎಲ್ಲಿಗೆ ಬರೆಯುತ್ತದೆ? ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬಯಾಸ್‌ನಲ್ಲೇ (ಓಎಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್) ಅದನ್ನು ಆಫ್ ಮಾಡಬಹುದು. ವಾರಂಟಿ ಇದ್ದರೆ ಬಿಚ್ಚುವ ಮೊದಲು ವಿಚಾರಿಸಿ.

ಇನ್ನೊಂದು, ಇದನ್ನು ಎಲ್ಲಕ್ಕಿಂತ ಮೊದಲು ಮಾಡಿ. ವಿಂಡೋಸ್ 11ರಲ್ಲಿ ಡಿಸ್ಕ್ ಬಿಟ್‌ಲಾಕರ್‌ನಿಂದ ಎನ್‌ಕ್ರಿಪ್ಟ್ ಆಗಿರಬಹುದು, ಅಂದರೆ ಅದಕ್ಕೆ ಬೀಗ ಬಿದ್ದಿರಬಹುದು. ಬಯಾಸ್‌ನಲ್ಲಿ ಕೈಯಾಡಿಸಿದರೆ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇದೆಯಾ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪ್‌ನೊಳಗೆ ಫೈಲ್ ಮಾಡಿ ಇಟ್ಟರೆ ಪ್ರಯೋಜನವಿಲ್ಲ.

ಕಾಲಿ ಬಗ್ಗೆ: ಡಿಸ್ಕ್‌ಗೆ ಹಾಕಬೇಡಿ. ಅದಕ್ಕೆ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್‌ಲೋಡರ್ ನಡೆಯದಂತೆ ತಡೆಯುವ ಬಯಾಸ್ ಸೆಟ್ಟಿಂಗ್) ಆಫ್ ಮಾಡಬೇಕು, ಉಬುಂಟುಗೆ ಹಾಗೆ ಆಫ್ ಮಾಡಬೇಕಿಲ್ಲ. ಸುಮ್ನೆ ಯಾಕೆ ತಲೆನೋವು? ಉಬುಂಟು ಒಳಗೆ ವರ್ಚುವಲ್‌ಬಾಕ್ಸ್‌ನಲ್ಲಿ (ಒಂದು ಓಎಸ್ ಒಳಗೇ ಇನ್ನೊಂದನ್ನು ನಡೆಸುವ ಸಾಫ್ಟ್‌ವೇರ್) ಕಾಲಿ ನಡೆಸಲಿ. ಕಲಿಯುವುದಕ್ಕೆ ಅದೇ ಒಳ್ಳೆಯದು, ಕೆಟ್ಟರೆ ಅಳಿಸಿ ಹೊಸದು ಹಾಕಿಕೊಳ್ಳಬಹುದು.

ವಿಂಡೋಸ್ ಬೇಡ. ಯುಎಸ್‌ಬಿ ಡಿಸ್ಕ್‌ಗೆ ಹಾಕಲು ಅದರ ಸೆಟಪ್ ಒಪ್ಪುವುದಿಲ್ಲ. ಯುಎಸ್‌ಬಿಯಿಂದ ವಿಂಡೋಸ್ ನಡೆಸಲು ವಿಂಡೋಸ್ ಟು ಗೋ ಅಂತ ಒಂದಿತ್ತು, 2020ರಲ್ಲಿ ತೆಗೆದುಹಾಕಿದರು. ರೂಫಸ್ ಎಂಬ ಸಾಫ್ಟ್‌ವೇರ್‌ನಿಂದ ಈಗಲೂ ಮಾಡಬಹುದು, ಆದರೆ ಒಳಗೆ ಒಂದು ವಿಂಡೋಸ್ ಇರುವಾಗ ಇನ್ನೊಂದು ಯಾಕೆ?

ಪ್ರಶ್ನೆ (ಪುಣೆಯಿಂದ): ನಡುವೆ ಬಾಯಿ ಹಾಕುತ್ತಿದ್ದೇನೆ. ನಾನೂ ಹೀಗೇ ಉಬುಂಟು ಹಾಕಿದ್ದೇನೆ. ಅದನ್ನು ಬಳಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ!

ಉತ್ತರ: ಐದೂವರೆ ಅಂದಾಗಲೇ ಗೊತ್ತಾಯಿತು. ಮದರ್‌ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಗತ್ತಿನ ಪ್ರಮಾಣಿತ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಇಲ್ಲಿನ ಸಮಯ ಅಂದುಕೊಳ್ಳುತ್ತದೆ. ನಮಗೂ ಯುಟಿಸಿಗೂ ಇರುವ ವ್ಯತ್ಯಾಸ ಅಷ್ಟೇ ತಾನೇ. ಉಬುಂಟುದಲ್ಲಿ 'ಟೈಮ್‌ಡೇಟ್‌ಸಿಟಿಎಲ್' ಕಮಾಂಡ್‌ನ ಲೋಕಲ್ ಆರ್‌ಟಿಸಿ (ಆರ್‌ಟಿಸಿ ಅಂದರೆ ಆ ಮದರ್‌ಬೋರ್ಡ್ ಗಡಿಯಾರ) ಆಯ್ಕೆಯನ್ನು 1 ಮಾಡಿ, ಸರಿಹೋಗುತ್ತದೆ.

ಪ್ರಶ್ನೆ (ಡೊಂಬಿವಲಿಯಿಂದ): ತುಂಬ ಥ್ಯಾಂಕ್ಸ್ ಸರ್. ಕೊನೆಯದೊಂದು. ಲೋಕಲ್ ಟ್ರೈನ್‌ನಲ್ಲಿ ಸೀಟ್ ಸಿಕ್ಕಾಗ ಮಗಳು ಇದನ್ನು ಬಳಸಬಹುದಾ? ಕಾಲೇಜಿನ ಕಂಪ್ಯೂಟರ್‌ಗೂ ಚುಚ್ಚಬಹುದಾ?

ಉತ್ತರ: ಬೆಳಿಗ್ಗೆ ಡೊಂಬಿವಲಿಯಲ್ಲಿ ಸೀಟ್ ಸಿಕ್ಕರೆ ನಿದ್ದೆ ಮಾಡಲಿ ಅಕ್ಕ! ಎಸ್‌ಎಸ್‌ಡಿಗೆ ಕುಲುಕಾಟದಿಂದ ಏನೂ ಆಗದು, ಕೇಬಲ್‌ದೇ ಭಯ. ಪಕ್ಕದವರ ಮೊಣಕೈ ತಾಗಿ ಅದು ಸಡಿಲವಾದರೆ ನಡೆಯುತ್ತಿದ್ದ ಓಎಸ್ ಅಲ್ಲೇ ನಿಲ್ಲುತ್ತದೆ, ಬರೆಯುತ್ತಿದ್ದ ಫೈಲ್ ಕೆಡಬಹುದು. ಕಾಲೇಜು ಲ್ಯಾಬ್‌ಗಳಲ್ಲಿ ಯುಎಸ್‌ಬಿ ಬೂಟ್‌ಗೆ ಬೀಗ ಹಾಕಿರುವುದೇ ಜಾಸ್ತಿ, ಮೊದಲು ಲ್ಯಾಬ್ ಅಸಿಸ್ಟೆಂಟ್‌ರನ್ನು ಕೇಳಲಿ.